ಅವ್ಯಕ್ತವನ್ನು ಅರಸುವ ಯಂತ್ರ

ನನ್ನ ತಮ್ಮನ ಮಗಳು ಈ ವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುವವಳು. ಕಳೆದ ಭಾನುವಾರ ಸಂಜೆ ನಾನು ಅವರ ಮನೆಗೆ ಹೋದಾಗ ಕಾಫಿಯ ಜೊತೆಗೆ ಒಂದು ವ್ಯಾಜ್ಯವೂ ನನ್ನ ಮುಂದೆ ಬಂದಿತು.

"ಅಣ್ಣ, ಇವಳಿಗೆ ನೀನೇ ಸ್ವಲ್ಪ ಬುದ್ಧಿ ಹೇಳು. ಲೆಕ್ಕವನ್ನೆಲ್ಲ ಆ ಕಂಪ್ಯೂಟರಿಗೆ ಒಪ್ಪಿಸಿ ಕುಳಿತಿದ್ದಾಳೆ. ಪರೀಕ್ಷೆಯ ದಿನ ಅದನ್ನು ಹೊತ್ತುಕೊಂಡು ಹೋಗುತ್ತಾಳೆಯೆ? ಇವತ್ತೇ ಅದನ್ನು ತೆಗೆದುಹಾಕಿಬಿಡುತ್ತೇನೆ" ಎಂದು ತಮ್ಮ ತನ್ನ ದೂರನ್ನು ಮಂಡಿಸಿದ.

ಪ್ರತಿವಾದಿಯಿಂದ ಪ್ರತಿಭಟನೆ ಬರುವುದೆಂದು ಕಾದೆ. ಬರಲಿಲ್ಲ. ಹುಡುಗಿ ಸಣ್ಣ ದನಿಯಲ್ಲಿ, "ತೆಗೆದುಹಾಕಲಿ ದೊಡ್ಡಪ್ಪ, ನನಗೂ ಬೇಡ. ಅದಕ್ಕೆ ಎಲ್ಲವೂ ಬರುತ್ತದೆ, ನನಗೆ ಏನೂ ಬರುವುದಿಲ್ಲ. ಪಿಯುಸಿಗೆ ಗಣಿತವೇ ಬೇಡವೆಂದು ತೀರ್ಮಾನ ಮಾಡಿದ್ದೇನೆ" ಎಂದಳು.

ತಂದೆಯ ಕೋಪಕ್ಕಿಂತ ಮಗಳ ಈ ಶರಣಾಗತಿಯೇ ನನ್ನನ್ನು ಹೆಚ್ಚು ಕಳವಳಗೊಳಿಸಿತು. ಲೆಕ್ಕ ತಪ್ಪುವುದು ದೊಡ್ಡ ಮಾತಲ್ಲ. ಹದಿನೈದು ವರ್ಷದ ಮಗು ತನ್ನ ಬುದ್ಧಿಯ ಮೇಲೆಯೇ ವಿಶ್ವಾಸ ಕಳೆದುಕೊಳ್ಳುವುದು ದೊಡ್ಡ ಮಾತು. "ನಿನ್ನ ಪುಸ್ತಕ ತಾ, ನೋಡೋಣ" ಎಂದೆ.

ಅವಳ ಸೋಲಿಗೆ ಕಾರಣವಾದ ಲೆಕ್ಕ ಇದು. ಒಂದು ಸಂಖ್ಯೆಗೆ 6ನ್ನು ಕೂಡಿಸಿ ವರ್ಗಮೂಲ ತೆಗೆದರೆ ಅದೇ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಯಾವುದು? ತಿಳಿಯದ ಸಂಖ್ಯೆಯನ್ನು ಕ್ಷ ಎಂದು ಕರೆದು ಅವಳು ಎರಡು ಕಡೆಯನ್ನೂ ವರ್ಗ ಮಾಡಿದ್ದಳು. ಆಗ ಕ್ಷ + 6 = ಕ್ಷ² ಎಂದಾಯಿತು. ಇದನ್ನು ಅಪವರ್ತಿಸಿದರೆ ಕ್ಷ = 3 ಅಥವಾ ಕ್ಷ = −2. ಎರಡು ಉತ್ತರಗಳನ್ನೂ ಅಂದವಾಗಿ ಬರೆದು ಕೆಳಗೆ ಗೆರೆ ಎಳೆದಿದ್ದಳು. ಆದರೆ ಅದೇ ಸಮೀಕರಣವನ್ನು ಯಂತ್ರಕ್ಕೆ ಕೊಟ್ಟಾಗ ಅದು 3 ಎಂಬ ಒಂದೇ ಉತ್ತರ ಕೊಟ್ಟಿತ್ತು.

"−2 ಎಲ್ಲಿ ಹೋಯಿತು?" ಎಂದು ಅವಳ ಪ್ರಶ್ನೆ.

"ನೀನೇ ತಾಳೆ ನೋಡು. −2ಕ್ಕೆ 6 ಕೂಡಿಸು" ಎಂದೆ.

"4."

"ಅದರ ವರ್ಗಮೂಲ?"

"2... ಅಯ್ಯೋ, −2 ಬರಲಿಲ್ಲ!"

ಬರುವುದಿಲ್ಲ. 2ನ್ನು ವರ್ಗ ಮಾಡಿದರೂ 4, −2ನ್ನು ವರ್ಗ ಮಾಡಿದರೂ 4. ವರ್ಗ ಮಾಡುವುದೆಂದರೆ ಎರಡು ಬೀದಿಗಳು ಒಂದೇ ಚೌಕಕ್ಕೆ ಬಂದು ಸೇರಿದಂತೆ. ಚೌಕದಲ್ಲಿ ನಿಂತ ಮನುಷ್ಯನು ಯಾವ ಬೀದಿಯಿಂದ ಬಂದನೆಂದು ಚೌಕ ಹೇಳಲಾರದು. ಆದುದರಿಂದ ವರ್ಗ ಮಾಡಿ ಪಡೆದ ಉತ್ತರಗಳನ್ನು ಮೂಲ ಸಮೀಕರಣದಲ್ಲಿ ಇಟ್ಟು ಪರೀಕ್ಷಿಸದೆ ಅಂಗೀಕರಿಸಬಾರದು. ಯಂತ್ರ ಮಾಡಿದ್ದು ಇಷ್ಟೆ: ನಮ್ಮ ಹುಡುಗಿಯಂತೆಯೇ ಎರಡು ಉತ್ತರ ಕಂಡುಹಿಡಿದು, ಎರಡನ್ನೂ ಹಿಂದಕ್ಕೆ ಇಟ್ಟು ನೋಡಿ, ಸಲ್ಲದುದನ್ನು ಬಿಟ್ಟಿತು. ಅವಳಿಗೆ ಬಾರದ ಯಾವ ವಿದ್ಯೆಯೂ ಅದಕ್ಕೆ ಬರುತ್ತಿರಲಿಲ್ಲ. ಅವಳಿಗಿಲ್ಲದ ಒಂದು ಅಭ್ಯಾಸ ಮಾತ್ರ ಇತ್ತು.

ಈ ಯಂತ್ರವೆಂದರೇನೆಂಬುದನ್ನು ವಾಚಕರಿಗೆ ಸ್ವಲ್ಪ ವಿವರಿಸಬೇಕು. ಅಂಗಡಿಗಳಲ್ಲಿ ಕಾಣುವ ಕ್ಯಾಲ್ಕುಲೇಟರು ಅಂಕಿಗಳನ್ನು ಮಾತ್ರ ಬಲ್ಲದು. 1ನ್ನು 3ರಿಂದ ಭಾಗಿಸೆಂದರೆ ಅದು 0.3333 ಎಂದು ತನ್ನ ಕಿಟಕಿ ತುಂಬುವವರೆಗೆ ಬರೆದು, ಉಳಿದುದನ್ನು ಕೈಬಿಡುತ್ತದೆ. ನಾವು ಹೇಳುವ ತಂತ್ರಾಂಶ ಬೇರೆಯ ಜಾತಿಯದು. ಅದು ಮೂರನೆಯ ಒಂದು ಭಾಗವನ್ನು ಮೂರನೆಯ ಒಂದು ಭಾಗವೆಂದೇ ಇಟ್ಟುಕೊಳ್ಳುತ್ತದೆ. 2ರ ವರ್ಗಮೂಲವನ್ನು 1.414 ಎಂದು ಕತ್ತರಿಸದೆ ವರ್ಗಮೂಲವೆಂದೇ ಇಟ್ಟುಕೊಂಡು, ಅದನ್ನು ಅದರಿಂದಲೇ ಗುಣಿಸಿದಾಗ ಸರಿಯಾಗಿ 2 ಎನ್ನುತ್ತದೆ. ಅಷ್ಟೇ ಅಲ್ಲ, ಬೆಲೆ ತಿಳಿಯದ ಅಕ್ಷರಗಳನ್ನೂ ಹಾಗೆಯೇ ಇಟ್ಟುಕೊಂಡು ಕೂಡಿ, ಕಳೆದು, ಅಪವರ್ತಿಸಿ, ಸಮೀಕರಣ ಬಿಡಿಸುತ್ತದೆ. ಕ್ಷ⁴ + 4 ಎಂಬುದನ್ನು ಅಪವರ್ತಿಸೆಂದು ಕೇಳಿದರೆ ಅದು ಕ್ಷ² + 2ಕ್ಷ + 2 ಮತ್ತು ಕ್ಷ² − 2ಕ್ಷ + 2 ಎಂಬ ಎರಡು ಅಪವರ್ತನಗಳನ್ನು ಕಣ್ಣು ಮಿಟುಕಿಸುವುದರೊಳಗೆ ಕೊಡುತ್ತದೆ. ಬಿಡುವಿದ್ದವರು ಗುಣಿಸಿ ನೋಡಬಹುದು.

ಇದು ಮಂತ್ರವಲ್ಲ. ಯಂತ್ರದ ಒಳಗೆ ಪ್ರತಿಯೊಂದು ಬೀಜೋಕ್ತಿಯೂ ವಂಶವೃಕ್ಷದಂತೆ ಇರುತ್ತದೆ. ಕ್ಷ² + 3ಕ್ಷ ಎಂಬುದಕ್ಕೆ ಮೂಲಪುರುಷ 'ಕೂಡು' ಎಂಬ ಚಿಹ್ನೆ. ಅವನಿಗೆ ಇಬ್ಬರು ಮಕ್ಕಳು. ಒಬ್ಬ 'ಘಾತ', ಇನ್ನೊಬ್ಬ 'ಗುಣಿಸು'. ಘಾತನ ಮಕ್ಕಳು ಕ್ಷ ಮತ್ತು 2. ಗುಣಿಸುವಿನ ಮಕ್ಕಳು 3 ಮತ್ತು ಕ್ಷ. ಈ ವೃಕ್ಷದ ಯಾವ ಕೊಂಬೆ ಯಾವ ಆಕಾರದಲ್ಲಿದ್ದರೆ ಅದನ್ನು ಹೇಗೆ ಬದಲಾಯಿಸಬಹುದೆಂಬ ನಿಯಮಗಳನ್ನು ಮನುಷ್ಯರು ಬರೆದಿಟ್ಟಿದ್ದಾರೆ. ಯಂತ್ರ ಕೊಂಬೆಯಿಂದ ಕೊಂಬೆಗೆ ಹೋಗಿ ನಿಯಮಗಳನ್ನು ಅನ್ವಯಿಸುತ್ತದೆ. ಬೇಸರವಿಲ್ಲ, ಮರೆವಿಲ್ಲ, ಋಣಚಿಹ್ನೆಯನ್ನು ಮುಂದಿನ ಸಾಲಿಗೆ ಒಯ್ಯಲು ಬಿಟ್ಟುಬಿಡುವ ಅವಸರವಿಲ್ಲ.

ಅಕ್ಷರಗಳಿಂದ ಲೆಕ್ಕ ಮಾಡುವುದು ನಮ್ಮ ದೇಶಕ್ಕೆ ಹಳೆಯ ವಿದ್ಯೆ. ಬೀಜಗಣಿತಕ್ಕೆ ಅವ್ಯಕ್ತಗಣಿತವೆಂಬ ಸುಂದರವಾದ ಹೆಸರೇ ಇತ್ತು. ತಿಳಿಯದ ಮೊದಲ ರಾಶಿಗೆ 'ಯಾವತ್ತಾವತ್', ಎಂದರೆ ಎಷ್ಟೋ ಅಷ್ಟು. ಎರಡನೆಯ, ಮೂರನೆಯ ಅವ್ಯಕ್ತಗಳಿಗೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರು. ಅವುಗಳ ಮೊದಲ ಅಕ್ಷರಗಳೇ ಸಂಕೇತಗಳು. ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ವರ್ಗಸಂಖ್ಯೆ ಬರಬೇಕೆಂಬ ಪ್ರಶ್ನೆಗೆ 12ನೆಯ ಶತಮಾನದ ಭಾಸ್ಕರಾಚಾರ್ಯರು ಚಕ್ರವಾಲವೆಂಬ ವಿಧಾನದಿಂದ ಉತ್ತರ ಕೊಟ್ಟರು: ಮೊದಲನೆಯ ವರ್ಗದ ಮೂಲ 22,61,53,980, ಎರಡನೆಯದರ ಮೂಲ 1,76,63,19,049. ಸೊನ್ನೆಯನ್ನು ಬಿಟ್ಟರೆ ಇದಕ್ಕಿಂತ ಚಿಕ್ಕ ಉತ್ತರವೇ ಇಲ್ಲ. ಅದೇ ಪ್ರಶ್ನೆಯನ್ನು 1657ರಲ್ಲಿ ಫ್ರಾನ್ಸಿನ ಫರ್ಮಾ ಯೂರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದ.

ಯಂತ್ರಕ್ಕೆ ಈ ವಿದ್ಯೆ ಕಲಿಸುವ ಯತ್ನ ಆರಂಭವಾದದ್ದು 1953ರಲ್ಲಿ. ಆ ವರ್ಷ ಅಮೆರಿಕದ ಇಬ್ಬರು ವಿದ್ಯಾರ್ಥಿಗಳು, ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯದೆ, ಸೂತ್ರಗಳನ್ನು ಅವಕಲಿಸುವ ಕಾರ್ಯಕ್ರಮಗಳನ್ನು ತಮ್ಮ ಪ್ರೌಢಪ್ರಬಂಧಗಳಿಗಾಗಿ ಬರೆದರು. 1961ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಜೇಮ್ಸ್ ಸ್ಲೇಗಲ್ ಅದಕ್ಕಿಂತ ಕಷ್ಟವಾದ ಅನುಕಲನವನ್ನು ಯಂತ್ರಕ್ಕೆ ಕಲಿಸಿದರು. ಅಲ್ಲಿಯೇ 1968ರಲ್ಲಿ ಮ್ಯಾಕ್ಸಿಮಾ ಎಂಬ ಇಂದಿನ ತಂತ್ರಾಂಶದ ತಾಯಿಯಾದ ಮ್ಯಾಕ್‌ಸಿಮಾದ ಕೆಲಸ ಮೊದಲಾಯಿತು. 1980ರಲ್ಲಿ ಕೆನಡದ ವಾಟರ್ಲೂ ವಿಶ್ವವಿದ್ಯಾನಿಲಯದಲ್ಲಿ ಮೇಪಲ್, 1988ರಲ್ಲಿ ಅಮೆರಿಕದಲ್ಲಿ ಮ್ಯಾಥಮ್ಯಾಟಿಕ ಹುಟ್ಟಿದವು. ಇವು ಹಣ ಕೊಟ್ಟು ಕೊಳ್ಳಬೇಕಾದವು. ಟೆಕ್ಸಾಸಿನ ಪ್ರಾಧ್ಯಾಪಕ ವಿಲಿಯಂ ಶೆಲ್ಟರ್ ಅನೇಕ ವರ್ಷ ಒಬ್ಬರೇ ಹಳೆಯ ಮ್ಯಾಕ್‌ಸಿಮಾದ ಒಂದು ಪ್ರತಿಯನ್ನು ಕಾಪಾಡಿಕೊಂಡು ಬಂದು, 1998ರಲ್ಲಿ ಸರ್ಕಾರದ ಅನುಮತಿ ಪಡೆದು ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಅದೇ ಮ್ಯಾಕ್ಸಿಮಾ. 2001ರಲ್ಲಿ ಶೆಲ್ಟರ್ ತೀರಿಕೊಂಡರು. ಅವರ ಬಿಡುಗಡೆಯ ಫಲ ಈಗಲೂ ಬಡ ವಿದ್ಯಾರ್ಥಿಯ ಮೇಜಿನ ಮೇಲಿದೆ. ಪೈಥಾನ್ ಭಾಷೆಯಲ್ಲಿ ಬರೆದ ಸಿಮ್‌ಪೈ ಎಂಬುದೂ ಹೀಗೆಯೇ ಉಚಿತವಾದದ್ದು.

ಇಷ್ಟು ಹೇಳಿದ ಮೇಲೆ ಹುಡುಗಿ, "ನೋಡಿದಿರಾ ದೊಡ್ಡಪ್ಪ, ಅದಕ್ಕೆ ತಪ್ಪೇ ಆಗುವುದಿಲ್ಲ!" ಎಂದಳು. ವ್ಯಾಜ್ಯ ಮತ್ತೆ ಮೊದಲಿನ ಸ್ಥಾನಕ್ಕೇ ಬಂತು. ಆಗ ನಾನು, "ಇದನ್ನು ಕೊಡು" ಎಂದು ಅ × ಕ್ಷ = ಬ ಎಂಬ ಸಮೀಕರಣ ಬರೆದೆ. ಇದಕ್ಕಿಂತ ಸುಲಭವಾದುದು ಪಠ್ಯಪುಸ್ತಕದಲ್ಲಿಯೂ ಇರಲಾರದು. ಯಂತ್ರ ತಟ್ಟನೆ ಉತ್ತರ ಹೇಳಿತು: ಕ್ಷ = ಬ ÷ ಅ.

"ಸರಿಯೆ?"

"ಸರಿ."

"ಹಾಗಾದರೆ ಕೇಳು. ನಿಮ್ಮಪ್ಪ ನನ್ನಿಂದ ಬಡ್ಡಿಯಿಲ್ಲದೆ 12,000 ರೂಪಾಯಿ ಸಾಲ ಪಡೆದಿದ್ದಾನೆ ಎಂದಿಟ್ಟುಕೊ. ಬ ಎಂದರೆ ಸಾಲ. ಅ ಎಂದರೆ ತಿಂಗಳ ಕಂತು. ಕ್ಷ ಎಂದರೆ ಸಾಲ ತೀರಲು ಬೇಕಾದ ತಿಂಗಳು. ಕಂತು 1,000 ಆದರೆ?"

"12 ತಿಂಗಳು."

"ಕಂತು ಸೊನ್ನೆಯಾದರೆ?"

ಅವಳು ಒಂದು ಕ್ಷಣ ಯೋಚಿಸಿ ನಕ್ಕಳು. "ಸಾಲ ತೀರುವುದೇ ಇಲ್ಲ ದೊಡ್ಡಪ್ಪ!"

"ಸಾಲವೇ ಇಲ್ಲದೆ, ಕಂತೂ ಇಲ್ಲದಿದ್ದರೆ?"

"ಆಗ... ಎಷ್ಟು ತಿಂಗಳೆಂದರೂ ಸರಿಯೇ. ಯಾವ ಸಂಖ್ಯೆ ಇಟ್ಟರೂ ಸೊನ್ನೆಗೆ ಸೊನ್ನೆ ಸಮ."

"ಈ ಎರಡು ಮಾತನ್ನು ಯಂತ್ರ ಹೇಳಿತೆ?"

ಹೇಳಿರಲಿಲ್ಲ. ಅ ಎಂಬುದು ಸೊನ್ನೆಯಾಗಿರಲಾರದೆಂದು ಅದು ಸದ್ದಿಲ್ಲದೆ ಊಹಿಸಿಕೊಂಡು ಉತ್ತರ ಬರೆದಿತ್ತು. ಇದು ಆ ಒಂದು ತಂತ್ರಾಂಶದ ದೋಷವಲ್ಲ. ಹೆಚ್ಚಿನವು ಇದೇ ಸಂಪ್ರದಾಯವನ್ನು ಅನುಸರಿಸುತ್ತವೆ. ಎಲ್ಲ ಸಂದರ್ಭಗಳನ್ನೂ ವಿಂಗಡಿಸಿ ಹೇಳೆಂದು ಕೇಳುವ ಬೇರೆ ಆಜ್ಞೆ ಕೆಲವದರಲ್ಲಿ ಉಂಟು. ಆದರೆ ಆ ಆಜ್ಞೆ ಕೊಡಬೇಕೆಂದು ಹೊಳೆಯುವುದು ಸೊನ್ನೆಯ ಅಪಾಯವನ್ನು ಮೊದಲೇ ಬಲ್ಲವರಿಗೆ. ಸೊನ್ನೆಯಿಂದ ಭಾಗಿಸುವ ವಿಷಯದಲ್ಲಿ ಮಹಾಮಹಿಮರೂ ಎಡವಿದ್ದಾರೆ. ನಮ್ಮ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಕಂಡವರು. ಅಂಥವರೇ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಬರೆದರು. ಆಚಾರ್ಯರು ಎಡವಿದ ಜಾಗವನ್ನು ಯಂತ್ರ ಮೌನವಾಗಿ ದಾಟಿಹೋಗುತ್ತದೆ. ಅಲ್ಲಿ ನಿಂತು ನೋಡಿದವಳು ನಮ್ಮ ಹುಡುಗಿ.

ಯಂತ್ರಕ್ಕೆ ಇನ್ನೂ ಕೆಲವು ಎಲ್ಲೆಗಳುಂಟು. ಕ್ಷ⁵ − ಕ್ಷ − 1 = 0 ಎಂಬುದನ್ನು ಕೊಟ್ಟೆವು. ಉತ್ತರವಾಗಿ ಅದು 'ಈ ಸಮೀಕರಣದ ಇಂಥ ಕ್ರಮಸಂಖ್ಯೆಯ ಮೂಲ' ಎಂದು ಪ್ರಶ್ನೆಯನ್ನೇ ತಿರುಗಿಸಿ ಒಪ್ಪಿಸಿತು. ಹುಡುಗಿಗೆ ಇದು ಚೇಷ್ಟೆಯೆಂದು ತೋರಿತು. ಆದರೆ ಅದು ಪ್ರಾಮಾಣಿಕತೆ. ಐದನೆಯ ಘಾತದ ಸಮೀಕರಣಗಳನ್ನೆಲ್ಲ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ, ಮೂಲ ತೆಗೆಯುವ ಕ್ರಿಯೆಗಳಿಂದಲೇ ಬಿಡಿಸುವ ಸೂತ್ರ ಇರಲು ಸಾಧ್ಯವೇ ಇಲ್ಲವೆಂದು ನಾರ್ವೆಯ ತರುಣ ಏಬೆಲ್ 1824ರಲ್ಲಿ ಸಾಧಿಸಿದ. ದಶಮಾಂಶದಲ್ಲಿ ಸುಮಾರಾಗಿ ಹೇಳೆಂದರೆ ಯಂತ್ರ 1.1673 ಎನ್ನುತ್ತದೆ, ಅದು ಬೇರೆ ಮಾತು. ಬೇರೆ ಬೇರೆ ವೇಷದಲ್ಲಿರುವ ಎರಡು ಉಕ್ತಿಗಳು ಒಂದೆಯೋ ಅಲ್ಲವೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ತೀರ್ಮಾನಿಸುವ ಸಾರ್ವತ್ರಿಕ ವಿಧಾನವೂ ಇರಲಾರದೆಂದು, ತ್ರಿಕೋಣಮಿತಿಯ ಉಕ್ತಿಗಳು ಮೊದಲಾದವು ಸೇರಿದಾಗ, 1968ರಲ್ಲಿ ಡೇನಿಯಲ್ ರಿಚರ್ಡ್‌ಸನ್ ತೋರಿಸಿದರು. ಆದುದರಿಂದ ಪುಸ್ತಕದ ಕೊನೆಯಲ್ಲಿರುವ ಉತ್ತರಕ್ಕೂ ಯಂತ್ರದ ಉತ್ತರಕ್ಕೂ ರೂಪದಲ್ಲಿ ಹೋಲಿಕೆಯಿಲ್ಲದಿದ್ದರೆ ಒಂದು ತಪ್ಪೆಂದು ಕೂಡಲೇ ಹೇಳಲಾಗದು.

ಇಷ್ಟರಲ್ಲಿ ತಮ್ಮನೂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದ. ಅವನಿಗಾಗಿ ನಾನು ಒಂದು ಕಥೆ ಹೇಳಿದೆ, ಕಲ್ಪಿತವಲ್ಲ, ನಡೆದದ್ದು.

ಫ್ರಾನ್ಸಿನಲ್ಲಿ ಡೆಲೋನೆ ಎಂಬ ಖಗೋಳಶಾಸ್ತ್ರಜ್ಞನಿದ್ದ. ಚಂದ್ರನನ್ನು ಭೂಮಿಯೂ ಎಳೆಯುತ್ತದೆ, ಸೂರ್ಯನೂ ಎಳೆಯುತ್ತಾನೆ. ಈ ಜಗ್ಗಾಟದಲ್ಲಿ ಚಂದ್ರ ಯಾವ ಹೊತ್ತಿಗೆ ಎಲ್ಲಿರುತ್ತಾನೆಂಬುದನ್ನು ಅಂಕಿಗಳಿಂದಲ್ಲ, ಅಕ್ಷರಗಳಿಂದಲೇ ಸೂತ್ರವಾಗಿ ಬರೆಯಬೇಕೆಂದು ಅವನು ಹೊರಟ. ಲೆಕ್ಕ ಮಾಡಲು ಹತ್ತು ವರ್ಷ ಹಿಡಿಯಿತು. ಮಾಡಿದ ಲೆಕ್ಕವನ್ನು ತಾಳೆ ನೋಡಲು ಮತ್ತೆ ಹತ್ತು ವರ್ಷ. ಸಹಾಯಕ್ಕೆ ಯಂತ್ರವಿಲ್ಲ; ಕಾಗದ, ಲೇಖನಿ, ತಾಳ್ಮೆ. 1860ರಲ್ಲಿ ಒಂದು, 1867ರಲ್ಲಿ ಒಂದು, ಹೀಗೆ ಎರಡು ಸಂಪುಟಗಳು ಅಚ್ಚಾದವು. ಒಂದೊಂದೂ ಸುಮಾರು 900 ಪುಟ. 1872ರಲ್ಲಿ ಶೆರ್ಬೂರ್ ಬಳಿಯ ಸಮುದ್ರದಲ್ಲಿ ದೋಣಿ ಮಗುಚಿ ಅವನು ಮುಳುಗಿ ತೀರಿಕೊಂಡ.

ನೂರು ವರ್ಷ ಕಳೆದು, 1970ರಲ್ಲಿ, ಅಮೆರಿಕದ ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿ ದೆಪ್ರಿ, ಆನ್ರಾರ್, ರೋಮ್ ಎಂಬ ಮೂವರು ಆ ಲೆಕ್ಕವನ್ನೆಲ್ಲ ಗಣಕಯಂತ್ರದಿಂದ ಮತ್ತೆ ಮಾಡಿಸಿದರು. ಇಪ್ಪತ್ತು ವರ್ಷದ ಕೆಲಸಕ್ಕೆ ಯಂತ್ರ ತೆಗೆದುಕೊಂಡ ಕಾಲ ಸುಮಾರು 20 ಗಂಟೆ. ಡೆಲೋನೆಯ ಗ್ರಂಥದಲ್ಲಿ ಸಿಕ್ಕಿದ ತಪ್ಪುಗಳು ಮೂರು. ಅವುಗಳಲ್ಲಿ ಎರಡು, ಮೊದಲನೆಯ ತಪ್ಪಿನಿಂದಲೇ ಹುಟ್ಟಿದವು. ಎಂದರೆ ಇಪ್ಪತ್ತು ವರ್ಷದಲ್ಲಿ ಆ ಮನುಷ್ಯನ ಕೈ ಜಾರಿದ್ದು ಒಂದೇ ಸಲ!

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಇಪ್ಪತ್ತು ವರ್ಷ ವ್ಯರ್ಥವಾಯಿತೇನು ಅಣ್ಣ?" ಎಂದು ಕೇಳಿದ.

ವ್ಯರ್ಥವೆಂದು ನನಗೆ ತೋರುವುದಿಲ್ಲ. ಯಂತ್ರ ಮಾಡಿದ್ದು ಡೆಲೋನೆ ತೋರಿಸಿದ ದಾರಿಯಲ್ಲಿ ನಡೆಯುವ ಕೆಲಸವನ್ನು. ಚಂದ್ರನ ಚಲನೆಯನ್ನು ಹೀಗೆ ಹೆಜ್ಜೆಹೆಜ್ಜೆಯಾಗಿ ಬಿಡಿಸಬಹುದೆಂದು ಕಂಡವನು ಅವನು. ಅವನ ಆಯುಸ್ಸಿನ ಹತ್ತು ವರ್ಷವನ್ನು ನುಂಗಿದ ತಾಳೆಯ ಕೆಲಸವನ್ನು ಮುಂದಿನವರಿಗೆ ಯಂತ್ರ ಉಳಿಸಿಕೊಟ್ಟಿತು. ಉಳಿದ ಹತ್ತು ವರ್ಷವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂಬುದು ಮಾತ್ರ ಯಂತ್ರ ಹೇಳುವ ಮಾತಲ್ಲ.

ಮನೆಯಲ್ಲಿ ಮಕ್ಕಳಿರುವ ವಾಚಕರಿಗೆ ನಾವು ಆ ಸಂಜೆ ಮಾಡಿಕೊಂಡ ಒಪ್ಪಂದವನ್ನು ತಿಳಿಸುತ್ತೇನೆ, ಉಪಯೋಗವಾದೀತು. ಮೊದಲನೆಯದಾಗಿ, ಲೆಕ್ಕವನ್ನು ಮೊದಲು ಕೈಯಿಂದ ಮಾಡಬೇಕು. ಯಂತ್ರದ ಬಳಿಗೆ ಹೋಗುವುದು ಆಮೇಲೆ. ಎರಡನೆಯದಾಗಿ, ಉತ್ತರ ಯಾರದ್ದೇ ಆಗಲಿ, ಮೂಲ ಸಮೀಕರಣದಲ್ಲಿ ಇಟ್ಟು ತಾಳೆ ನೋಡಬೇಕು. ಮೂರನೆಯದಾಗಿ, ಭಾಗಿಸಿದ ಕಡೆಯಲ್ಲೆಲ್ಲ 'ಇದು ಸೊನ್ನೆಯಾದರೆ?' ಎಂದು ಕೇಳಬೇಕು. ನಾಲ್ಕನೆಯದಾಗಿ, ಯಂತ್ರಕ್ಕೆ ಹೇಳುವುದನ್ನು ಬಿಡಿಸಿ ಹೇಳಬೇಕು. ನಾವು 2ಕ್ಷ ಎಂದು ಒತ್ತೊತ್ತಾಗಿ ಬರೆಯುವುದನ್ನು ಅನೇಕ ತಂತ್ರಾಂಶಗಳು ಒಪ್ಪುವುದಿಲ್ಲ. ನಡುವೆ ಗುಣಾಕಾರದ ಚಿಹ್ನೆ ಬೇಕು. ಆವರಣಗಳಲ್ಲಿ ಜಿಪುಣತನ ಕೂಡದು. ಹತ್ತನೆಯ ಒಂದು ಭಾಗವನ್ನು 0.1 ಎಂದು ಬರೆದರೆ ಯಂತ್ರ ಸಾಮಾನ್ಯವಾಗಿ ಸುಮಾರು ಲೆಕ್ಕದ ದಾರಿ ಹಿಡಿಯುತ್ತದೆ; 1/10 ಎಂದು ಬರೆದರೆ ನಿಖರವಾದ ದಾರಿಯಲ್ಲಿ ಉಳಿಯುತ್ತದೆ. ಕ್ಷ²ದ ವರ್ಗಮೂಲವನ್ನು ಕೇಳಿದಾಗ ಯಂತ್ರ ಕ್ಷ ಎನ್ನಲು ಹಿಂಜರಿದರೆ ಬಯ್ಯಬಾರದು, ಕ್ಷ ಋಣಸಂಖ್ಯೆಯಾಗಿರಬಹುದಲ್ಲವೆ? 'ಕ್ಷ ಧನಸಂಖ್ಯೆ' ಎಂದು ಮೊದಲೇ ತಿಳಿಸಿದರೆ ಅದು ಸಂತೋಷದಿಂದ ಕ್ಷ ಎನ್ನುತ್ತದೆ.

ಈ ಒಪ್ಪಂದಕ್ಕೆ ತಮ್ಮ ಒಂದು ಷರತ್ತು ಸೇರಿಸಿದ: ಪರೀಕ್ಷೆಗೆ ಹದಿನೈದು ದಿನ ಇರುವಾಗ ಯಂತ್ರ ಮುಚ್ಚಿರಬೇಕು. ಮಗಳು ಒಪ್ಪಿದಳು. ಇಬ್ಬರಲ್ಲಿ ಯಾರೂ ತಂತ್ರಾಂಶವನ್ನು ತೆಗೆದುಹಾಕುವ ಮಾತನ್ನು ಮತ್ತೆ ಎತ್ತಲಿಲ್ಲ.

ನಾನು ಹೊರಡಲು ಎದ್ದಾಗ ಹುಡುಗಿಯ ಪುಸ್ತಕದ ಕಡೆ ಕಣ್ಣು ಹೋಯಿತು. −2ರ ಮೇಲೆ ಅಡ್ಡಗೆರೆ ಬಿದ್ದಿತ್ತು. ಪಕ್ಕದಲ್ಲಿ 'ತಾಳೆಯಾಗುವುದಿಲ್ಲ' ಎಂದು ಬರೆದಿತ್ತು. ಕೆಳಗೆ ಅ × ಕ್ಷ = ಬ ಎಂಬುದಕ್ಕೆ ಮೂರು ಸಂದರ್ಭಗಳನ್ನು ಒಂದು, ಎರಡು, ಮೂರು ಎಂದು ವಿಂಗಡಿಸಿ ಬರೆದು, 'ಇದನ್ನು ಯಂತ್ರ ಹೇಳಲಿಲ್ಲ' ಎಂದು ಸೇರಿಸಿದ್ದಳು. ಆ ಅಕ್ಷರಗಳು ಉಳಿದವಕ್ಕಿಂತ ತುಸು ದೊಡ್ಡದಾಗಿದ್ದವು.

"ಪಿಯುಸಿಯ ವಿಷಯ ಏನು ಮಾಡಿದೆ ಮಗು?" ಎಂದು ಬಾಗಿಲಲ್ಲಿ ಕೇಳಿದೆ.

"ಇನ್ನೂ ತೀರ್ಮಾನ ಮಾಡಿಲ್ಲ ದೊಡ್ಡಪ್ಪ" ಎಂದಳು.

ಮೂರು ಗಂಟೆಯ ಹಿಂದೆ ತೀರ್ಮಾನವಾಗಿದ್ದುದು ಈಗ ಅವ್ಯಕ್ತವಾಗಿತ್ತು. ನನಗೆ ಅಷ್ಟು ಸಾಕಾಗಿತ್ತು.